ಮಾಮಾನ ಬಾಯಿಂದಲೇ ಬರಬೇಕಿತ್ತು

ನನ್ನ ಸೋದರಮಾವ 2008ರಲ್ಲಿ ಲಾಸ್ ಏಂಜಲೀಸಿನ ಏರ್‌ಪೋರ್ಟಿನಲ್ಲಿ ಇಳಿದಾಗ ಅವರ ಕಾಲಿಗೆ ಮೊದಲು ಬಿದ್ದವಳು ನಾನು. ಅವರ ಮಗ, ಸೊಸೆ ಇನ್ನೂ ಪಾರ್ಕಿಂಗ್ ಹುಡುಕುತ್ತಿದ್ದರು. ಮಾಮಾ ನನ್ನ ತಲೆಯ ಮೇಲೆ ಕೈಯಿಟ್ಟು, ಅದೇ ವಿಮಾನದಲ್ಲಿ ಬಂದಿದ್ದ ಅಪರಿಚಿತ ಮುದುಕರೊಬ್ಬರಿಗೆ, "ಇಕಿ ನಮ್ಮ ಅಕ್ಕನ ಮಗಳ್ರಿ. ಇಕಿನ್ನ ಅಮೆರಿಕಾಕ್ಕ ಕಳಿಸಿದಾಂವ ನಾನ" ಎಂದರು. ಆ ಮುದುಕರು ಗುಜರಾತಿನವರು, ಒಂದಕ್ಷರ ಕನ್ನಡ ಬರುತ್ತಿರಲಿಲ್ಲ. ಮಾಮಾಗೆ ಅದೇನೂ ಅಡ್ಡಿಯಾಗಲಿಲ್ಲ. ಎದುರಿಗೆ ಎರಡು ಕಿವಿ ಇದ್ದರೆ ಸಾಕು, ಅವರಿಗೆ ಈ ಮಾತು ಹೇಳದೆ ಇರಲಾಗುತ್ತಿರಲಿಲ್ಲ. ಮಾಮಿ ಪಕ್ಕದಲ್ಲಿ ವೀಲ್‌ಚೇರಿನಲ್ಲಿ ಕೂತು ಸುಮ್ಮನೆ ನೆಲ ನೋಡುತ್ತಿದ್ದರು.

ನಾನೂ ನಕ್ಕೆ. ಆಗ ನನಗೆ ಇನ್ನೂ ಗೊತ್ತಿರಲಿಲ್ಲ, ನೋಡಿ.

ಮಾಮಾ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತುರ್ತು ಪರಿಸ್ಥಿತಿಯ ಕಾಲಕ್ಕೆ ನಾನು ಧಾರವಾಡದಲ್ಲಿ ಬಿ.ಎ. ಕೊನೆಯ ವರ್ಷದ ಹುಡುಗಿ. ಅಪ್ಪ ಅವ್ವ ಗದಗಿನಲ್ಲಿ, ನಾನು ಓದಲೆಂದು ಮಾಮಾನ ಮನೆಯಲ್ಲಿ. ಮಾಮಾ ಕಂದಾಯ ಇಲಾಖೆಯಲ್ಲಿ ಅಧಿಕಾರಿ. ಊರಲ್ಲಿ ನಾಲ್ಕು ಜನ ಸೇರುವಂತಿಲ್ಲ, ಪತ್ರಿಕೆಯವರು ಬರೆಯುವಂತಿಲ್ಲ, ಬಾಯಿ ಬಿಟ್ಟವರೆಲ್ಲ ವಿಚಾರಣೆಯಿಲ್ಲದೆ ಜೈಲಿನ ಒಳಗೆ. ನಾವು ಕೆಲವು ವಿದ್ಯಾರ್ಥಿಗಳು ಕರಪತ್ರ ಬರೆದು, ಸೈಕ್ಲೋಸ್ಟೈಲ್ ಮಾಡಿ, ಕಾಲೇಜು ಬಸ್‌ಸ್ಟ್ಯಾಂಡು ಅಂತ ಹಂಚುತ್ತಿದ್ದೆವು. ಮತದ ಹಕ್ಕು, ಮಾತಿನ ಹಕ್ಕು ವಾಪಸ್ ಕೊಡಿ ಅನ್ನುವುದಷ್ಟೇ ಅದರಲ್ಲಿದ್ದದ್ದು. ಹಂಚುವವರೆಗೆ ಆ ಕಾಗದಗಳನ್ನು ಅಡಗಿಸಿಡುವ ಕೆಲಸ ನನ್ನದು. ಎಲ್ಲಿ ಇಡುತ್ತಿದ್ದೆ ಗೊತ್ತೇ? ನಮ್ಮ ಅಜ್ಜಿಯ ಮಡಿ ಬುಟ್ಟಿಯಲ್ಲಿ.

ಅಜ್ಜಿ ಅಂದರೆ ಮಾಮಾನ ತಾಯಿ. ಮಡಿ ಅಂದರೆ ಪ್ರಾಣ ಬಿಡುವವಳು. ಒಗೆದು ಒಣಗಿಸಿದ ಅವಳ ಸೀರೆಗಳು ಒಳಗಿನ ಕೋಣೆಯಲ್ಲಿ ಒಂದು ಬೆತ್ತದ ಬುಟ್ಟಿಯಲ್ಲಿರುತ್ತಿದ್ದವು. ಸ್ನಾನ ಮಾಡದವರು ಬುಟ್ಟಿ ಮುಟ್ಟುವುದಿರಲಿ, ಅದರ ಮೇಲೆ ನೆರಳು ಬಿದ್ದರೂ ಮನೆಯಲ್ಲಿ ರಣರಂಗ. ಬೆಳಿಗ್ಗೆ ಅವಳಿಗೆ ಸೀರೆ ತೆಗೆದುಕೊಡುವವಳು ನಾನೇ ಆದ್ದರಿಂದ ತಳದಲ್ಲಿ ಕಾಗದ ಇಟ್ಟು ಮೇಲೆ ಸೀರೆ ಮಡಚಿ ಇಟ್ಟುಬಿಡುತ್ತಿದ್ದೆ. ಸರ್ಕಾರಿ ಅಧಿಕಾರಿಯ ಮನೆ, ಮೇಲಾಗಿ ಮುದುಕಿಯ ಮಡಿ. ಯಾವ ಪೋಲೀಸಿನವನು ಅಲ್ಲಿ ಕೈ ಹಾಕುತ್ತಾನೆ?

ಹಾಕಿದರು. ಒಂದು ಬೆಳಿಗ್ಗೆ ಇನ್‌ಸ್ಪೆಕ್ಟರ್ ಬಂದವನು ನನ್ನ ಟ್ರಂಕು ನೋಡಲಿಲ್ಲ, ಪುಸ್ತಕದ ಕಪಾಟು ನೋಡಲಿಲ್ಲ. ಬೂಟು ಹೊರಗೆ ಬಿಚ್ಚಿ, ನೆಟ್ಟಗೆ ಒಳಗಿನ ಕೋಣೆಯ ಬಾಗಿಲಿಗೆ ಬಂದು ನಿಂತು, "ಅಜ್ಜೀ, ನಾವು ಮುಟ್ಟೂದಿಲ್ಲ. ನೀವ ಆ ಬುಟ್ಟಿ ತೆಗೀರಿ" ಎಂದ. ಅಜ್ಜಿಯ ಕೈಯಿಂದಲೇ ಒಂದೊಂದು ಸೀರೆ ತೆಗೆಸಿದ. ಅಷ್ಟೊಂದು ಮರ್ಯಾದಸ್ಥ ಪೋಲೀಸನನ್ನು ನಾನು ಮುಂದೆ ಎಲ್ಲೂ ನೋಡಲಿಲ್ಲ. ಠಾಣೆಯಲ್ಲಿ ಕಂಡವರು ಬೇರೆ ಜಾತಿಯ ಪ್ರಾಣಿಗಳು.

ವರ್ಷದ ಮೇಲೆ ಒಳಗಿದ್ದೆ. ಹೆಂಗಸರ ವಾರ್ಡಿನಲ್ಲಿ ರಾಜಕೀಯದವರು ಅಂತ ಇದ್ದದ್ದು ಬೆರಳೆಣಿಕೆಯ ಜನ; ಮಿಕ್ಕವರು ಗಂಡನನ್ನು ಕೊಂದವರು, ಕಳ್ಳಬಟ್ಟಿ ಕಾಸಿದವರು. ಅವರೇ ನನ್ನ ತಲೆಯ ಹೇನು ತೆಗೆದವರು, ಜ್ವರ ಬಂದಾಗ ತಮ್ಮ ಕಂಬಳಿ ಹೊದಿಸಿದವರು. ಅನ್ನದಲ್ಲಿ ಹುಳ, ಸಾರಿನಲ್ಲಿ ನೀರು. ನನಗೆ ಪರೀಕ್ಷೆ ಹೋಯಿತು, ಡಿಗ್ರಿ ಹೋಯಿತು, ಮುಟ್ಟು ನಿಂತಿತು. ಮಾಮಾ ಭೇಟಿಯ ದಿನ ತಪ್ಪದೆ ಚಪಾತಿ, ಶೇಂಗಾ ಚಟ್ನಿಪುಡಿ ತಂದುಕೊಟ್ಟು, ಸರಳಿನ ಆಚೆ ನಿಂತು ಟವೆಲ್ಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಈಗ ನನ್ನ ಗೆಳತಿಯ ಮಾತು ಹೇಳಬೇಕು. ಅವಳು ದರ್ಜಿಯ ಮಗಳು, ನನ್ನ ತರಗತಿಯವಳು. ಕರಪತ್ರಕ್ಕೆ ಸ್ಟೆನ್ಸಿಲ್ ಬರೆಯುತ್ತಿದ್ದವಳು ಅವಳೇ. ಅವಳ ಅಣ್ಣ ಸೈಕಲ್ ಮೇಲೆ ಹಳ್ಳಿಹಳ್ಳಿಗೆ ಒಯ್ದು ಹಂಚುತ್ತಿದ್ದ. ನನ್ನನ್ನು ಹಿಡಿದ ದಿನವೇ ಅವರಿಬ್ಬರನ್ನೂ ಹಿಡಿದರು. ಅಣ್ಣನಿಗೆ ಠಾಣೆಯಲ್ಲಿ ಎಷ್ಟು ಹೊಡೆದರೆಂದರೆ ಅವನ ಎಡಗಾಲು ಮತ್ತೆ ನೆಟ್ಟಗಾಗಲಿಲ್ಲ. ಗೆಳತಿಯನ್ನು ಮಾತ್ರ, ಅವಳ ಮೇಲೆ ಏನೂ ಸಿಗಲಿಲ್ಲವೆಂದು, ಕೆಲವೇ ವಾರಕ್ಕೆ ಬಿಟ್ಟರು. ಅಷ್ಟೇ ಸಾಕಾಯಿತು. ನಮ್ಮ ಮನೆಯವರು ಶುರು ಮಾಡಿದರು: ಪೋಲೀಸರಿಗೆ ಹೇಳಿದವಳು ಇವಳೇ, ಅದಕ್ಕೇ ಬಿಟ್ಟರು, ಹಿಂದಿನ ದಿನ ಮನೆಗೂ ಬಂದಿದ್ದಳಲ್ಲ, ನೋಡಿಕೊಂಡು ಹೋದಳು.

ಏನು ನೋಡಿಕೊಂಡು ಹೋಗುತ್ತಾಳೆ ಮಣ್ಣು! ಆ ಹುಡುಗಿಯನ್ನು ನಮ್ಮ ಮನೆಯಲ್ಲಿ ಕಟ್ಟೆಯಿಂದ ಒಳಗೆ ಎಂದಾದರೂ ಬಿಟ್ಟಿದ್ದರೇ? ಬಾಯಾರಿದೆ ಅಂದರೆ ಮೇಲಿನಿಂದ ತಂಬಿಗೆಯಲ್ಲಿ ನೀರು ಹೊಯ್ಯುತ್ತಿದ್ದರು, ಅವಳು ಬೊಗಸೆ ಒಡ್ಡಿ ಕುಡಿಯುತ್ತಿದ್ದಳು. ಕಟ್ಟೆಯ ಮೇಲೆ ನಿಂತವಳಿಗೆ ಮೂರು ಬಾಗಿಲು ದಾಟಿ ಒಳಕೋಣೆಯಲ್ಲಿರುವ ಮಡಿ ಬುಟ್ಟಿ ಹೇಗೆ ಕಾಣಬೇಕು? ಬುಟ್ಟಿಯ ಸಂಗತಿ ನಾನು ಅವಳಿಗೂ ಹೇಳಿರಲಿಲ್ಲ. ಇದನ್ನು ನಾನು ಜೈಲಿನಿಂದ ಬಂದ ಮೇಲೆ ಎಷ್ಟು ಸಲ ಕೂಗಿಕೊಂಡೆನೋ. "ಸುಮ್ನಿರವಾ, ಅಂಥಾ ಮಂದಿಗೆ ಎಲ್ಲಾ ಗೊತ್ತಾಗ್ತದ" ಎಂದು ಬಾಯಿ ಮುಚ್ಚಿಸಿದರು. ಊರು ನಂಬಿತು. ಅವಳ ಮದುವೆ ಎರಡು ಸಲ ಗೊತ್ತಾಗಿ ಮುರಿಯಿತು, ಮತ್ತೆ ಯಾರೂ ಕೇಳಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಅವಳ ಅಣ್ಣನೂ ನಂಬಿದ. ಅವರಪ್ಪ ಸತ್ತ ಮೇಲೆ ಮನೆಯ ನಡುವೆ ಗೋಡೆ ಹಾಕಿಸಿಕೊಂಡು ಅತ್ತ ಅವನು, ಇತ್ತ ಅವಳು. ತಂಗಿಯ ಕೂಡ ಒಂದು ಮಾತಿಲ್ಲ.

ನನಗೆ ಬಿಡುಗಡೆಯಾದ ಕೂಡಲೇ ಮಾಮಾ ಒಂದು ಗಂಡು ಹುಡುಕಿ ತಂದರು. ಅಮೆರಿಕಾದಲ್ಲಿ ಎಂಜಿನಿಯರ್, ರಜೆಯ ಮೇಲೆ ಬಂದಿದ್ದಾನೆ, ಜೈಲಿನ ವಿಷಯ ಅವನಿಗೆ ಗೊತ್ತಿಲ್ಲ, ನೀನೂ ಬಾಯಿ ಬಿಡಬೇಡ. ಜೈಲಿಗೆ ಹೋದ ಹುಡುಗಿಯನ್ನು ಇಲ್ಲಿ ಯಾರು ಮಾಡಿಕೊಳ್ಳುತ್ತಾರೆ ಅಂತ ಅವ್ವ ಅತ್ತಳು. ಹದಿನೈದು ದಿನದೊಳಗೆ ಮದುವೆ, ಆಮೇಲೆ ಪಾಸ್‌ಪೋರ್ಟು, ವೀಸಾ, ಸ್ಯಾನ್ ಡಿಯೇಗೊ. "ಒಂದಷ್ಟು ವರ್ಷ ಈ ಕಡೆ ಬರಬ್ಯಾಡ, ಮಂದಿ ಮರೀಲಿ" ಎಂದು ಅಪ್ಪ ಏರ್‌ಪೋರ್ಟಿನಲ್ಲಿ ಹೇಳಿದ. ಜನ ಇದನ್ನು ಮದುವೆ ಅನ್ನುತ್ತಾರೆ. ನಾನು ಗಡಿಪಾರು ಅನ್ನುತ್ತೇನೆ. ಮುಂದಿನ ಚುನಾವಣೆಯಲ್ಲಿ ಸರ್ಕಾರ ಬಿತ್ತು, ಜೈಲಿನಿಂದ ಬಂದವರನ್ನೆಲ್ಲ ಹಾರ ಹಾಕಿ ಮೆರವಣಿಗೆ ಮಾಡಿದರು. ನಾನು ಆ ಹೊತ್ತಿಗೆ ಸ್ಯಾನ್ ಡಿಯೇಗೊದ ಅಪಾರ್ಟ್‌ಮೆಂಟಿನ ಕೆಳಗೆ ವಾಷಿಂಗ್ ಮೆಶೀನಿಗೆ ನಾಣ್ಯ ಹಾಕುವುದನ್ನು ಕಲಿಯುತ್ತಿದ್ದೆ.

ಗಂಡ ಒಳ್ಳೆಯವನು, ಅದು ನನ್ನ ಅದೃಷ್ಟ, ಮಾಮಾನ ಪುಣ್ಯವಲ್ಲ. ಬಂದ ವಾರದಲ್ಲೇ ಅವನಿಗೆ ಎಲ್ಲ ಹೇಳಿದೆ. "ಹೊಡೆದ್ರಾ?" ಅಂತ ಮಾತ್ರ ಕೇಳಿದ.

ಪೋಲೀಸರಿಗೆ ಹೇಳಿದವರು ಮನೆಯೊಳಗಿನವರೇ ಅನ್ನುವುದು ನನಗೆ ಮೊದಲ ದಿನದಿಂದ ಗೊತ್ತಿತ್ತು. ಯಾರು? ಅಜ್ಜಿಗೆ ಕರಪತ್ರ ಅಂದರೇನೆಂದೇ ಗೊತ್ತಿಲ್ಲ. ಮಾಮಿ ಗಂಡನನ್ನು ಕೇಳದೆ ಹೊಸ್ತಿಲು ದಾಟಿದವರಲ್ಲ. ಮಾಮಾ? ಅಷ್ಟು ಅತ್ತ ಮನುಷ್ಯ, ಅಷ್ಟು ಚಪಾತಿ ಹೊತ್ತ ಮನುಷ್ಯ! ಉಳಿದದ್ದು ಅಪ್ಪ. ನನ್ನನ್ನು ಹಿಡಿಯುವ ಮುಂಚಿನ ವಾರ ಧಾರವಾಡಕ್ಕೆ ಬಂದಿದ್ದ ಅಪ್ಪ, "ನಿನ್ನನ್ನ ನಾನ ಪೋಲೀಸಿಗೆ ಕೊಟ್ಟುಬಿಡ್ತೀನಿ" ಅಂತ ಜಗಳದಲ್ಲಿ ಕೂಗಿದ್ದ. ಆ ಒಂದು ಮಾತು ಸಾಯುವ ತನಕ ನಮ್ಮಿಬ್ಬರ ನಡುವೆ ಕೂತಿತ್ತು. ಫೋನಿನಲ್ಲಿ ಹವಾಮಾನ ಮಾತಾಡಿದೆವು, ಮೊಣಕಾಲು ನೋವು ಮಾತಾಡಿದೆವು, ಇದನ್ನು ಮಾತಾಡಲಿಲ್ಲ. ಅಪ್ಪ ಹೋದ. ಮಾಮಾ ಅವನ ತಿಥಿಯ ಊಟಕ್ಕೆ ಕೂತು ಎರಡನೆಯ ಸಲ ಹೋಳಿಗೆ ಹಾಕಿಸಿಕೊಂಡರಂತೆ, ಅವ್ವ ಹೇಳಿದಳು.

ಇನ್ನು 2012ರ ಆ ಭಾನುವಾರದ ಮಧ್ಯಾಹ್ನ. ಮಾಮಾ ಮಗನ ಜೊತೆ ಲಾಸ್ ಏಂಜಲೀಸಿನ ಪೋರ್ಟರ್ ರ್ಯಾಂಚಿನಲ್ಲಿ ಇದ್ದರು, ಗುಡ್ಡದ ಮೇಲಿನ ಹೊಸ ಮನೆ. ನಾನು ಸ್ಯಾನ್ ಡಿಯೇಗೊದ ನಮ್ಮ ಬಡಾವಣೆ ಫೋರ್ ಎಸ್ ರ್ಯಾಂಚಿನಿಂದ ಎರಡೂವರೆ ಗಂಟೆ ಡ್ರೈವ್ ಮಾಡಿ ಹೋಗಿದ್ದೆ. ಉಳಿದವರೆಲ್ಲ ಅಡಿಗೆಮನೆಯಲ್ಲಿ. ಟೇಬಲ್ಲಿನಲ್ಲಿ ನಾನು, ಮಾಮಾ, ಹದಿನಾಲ್ಕು ವರ್ಷದ ಅವರ ಮೊಮ್ಮಗಳು. ಹುಡುಗಿ ಫೋನಿನಿಂದ ಕಣ್ಣೆತ್ತದೆ, "ಅತ್ತೆ, ವೈ ಡಿಡ್ ಯೂ ಕಮ್ ಹಿಯರ್?" ಎಂದು ಕೇಳಿತು. ಮದುವೆಯಾಯ್ತಲ್ಲ ಪುಟ್ಟಾ ಅಂದೆ. ಮಾಮಾಗೆ ಅಷ್ಟೇ ಬೇಕಾಗಿತ್ತು. ಹುಡುಗಿ ಅಷ್ಟರಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡದ್ದನ್ನೂ ಅವರು ನೋಡಲಿಲ್ಲ.

"ಮದಿವಿ ಹೆಂಗಾತು, ಅದನ್ನ ಹೇಳು!" ಎಂದು ನಗತೊಡಗಿದರು. "ಇಕಿ ಬುಟ್ಟಿಯೊಳಗ ಕಾಗದಾ ಇಟ್ಟಿದ್ಲು. ನನ್ನ ಕಣ್ಣಿಗೆ ಬಿತ್ತು. ನನಗ ಪ್ರಮೋಶನ್ ಬರೂ ಹೊತ್ತು. ನಾ ಹೇಳೂಕಿಂತ ಮೊದ್ಲ ನನ್ನ ಮನ್ಯಾಗ ಅಂಥಾದ್ದು ಸಿಕ್ರ ನನ್ನ ನೌಕರಿ ಉಳೀತಿತ್ತೇನು? ಪೋಲೀಸ ಸಾಹೇಬ ನನ್ನ ದೋಸ್ತ. ನಾನ ಹೋಗಿ ಹೇಳಿದೆ. ಆದ್ರ ಒಂದು ಮಾತು ತಗೊಂಡೆ. ನಮ್ಮವ್ವನ ಮಡಿ ಕೆಡಿಸಬ್ಯಾಡ್ರಿ, ಬೂಟು ಬಿಚ್ರಿ, ಆಕಿ ಕೈಲೇ ಸೀರಿ ತೆಗಸ್ರಿ ಅಂತ. ಮಡಿ ಕೆಡ್ಲಿಲ್ಲ ನೋಡು!"

ನನ್ನ ಕೈಯಲ್ಲಿ ತುತ್ತು ಹಾಗೇ ಇತ್ತು.

"ಮತ್ತ ಆ ಸಾಹೇಬನ ಕೈಲೇನ ಇಕಿ ಪಾಸ್‌ಪೋರ್ಟ್ ಕೆಲಸ ಮಾಡಿಸಿದೆ. ಇಲ್ಲಂದ್ರ ಜೈಲಿಗೆ ಹೋದಾಕಿಗೆ ಯಾರು ಪಾಸ್‌ಪೋರ್ಟ್ ಕೊಡ್ತಾರ? ಇವತ್ತ ನೋಡು, ಸ್ಯಾನ್ ಡಿಯೇಗೊದಾಗ ಮನಿ, ಎರಡು ಕಾರು. ನಾ ಹೇಳದಿದ್ರ ಧಾರವಾಡದಾಗ ಘೋಷಣಾ ಕೂಗಿಕೋತ ಇರ್ತಿದ್ಲು."

ತುತ್ತನ್ನು ತಟ್ಟೆಗೆ ಇಳಿಸಿದೆ. "ಮತ್ತ ಆ ಹುಡುಗಿ, ಮಾಮಾ? ಎಲ್ಲಾರೂ ಆಕಿ ಮ್ಯಾಲೆ ಹಾಕಿದ್ರಲ್ಲ?"

"ಯಾರ ಮ್ಯಾಲರೆ ಹಾಕಬೇಕಿತ್ತಲ್ಲವಾ" ಎಂದು ಮಾಮಾ ಮೊಸರನ್ನ ಕಲಿಸಿದರು. "ಆಕಿಗೇನು ಹೋತು? ದೊಡ್ಡ ಮನಿತನ ಏನು ಆಕೀದು?"

ಆ ಮನೆಯಿಂದ ಹೇಗೆ ಹೊರಟೆನೋ ನೆನಪಿಲ್ಲ. ಫ್ರೀವೇಯಲ್ಲಿ ಟ್ರಾಫಿಕ್ ನಿಂತಿತ್ತು. ಕಿಟಕಿ ಏರಿಸಿಕೊಂಡು ಬಾಯಿಗೆ ಬಂದಂತೆ ಬೈದೆ, ಜೈಲಿನಲ್ಲಿ ಕಲಿತ ಬೈಗುಳಗಳೆಲ್ಲ ಅಷ್ಟು ವರ್ಷದ ಮೇಲೂ ಒಂದೂ ಮರೆತಿರಲಿಲ್ಲ. ಪಕ್ಕದ ಕಾರಿನವನು ನನ್ನನ್ನು ನೋಡಿ ತನ್ನ ಕಿಟಕಿಯನ್ನೂ ಏರಿಸಿಕೊಂಡ. ಅಪ್ಪನ ನೆನಪಾಗಿ ಸ್ಟಿಯರಿಂಗಿಗೆ ತಲೆಯಿಟ್ಟು ಅತ್ತೆ. ಆಮೇಲೆ ಅಳು ನಿಂತು ಬೇರೇನೋ ಶುರುವಾಯಿತು. ಈ ಮುದುಕನನ್ನು ಬಿಡಬಾರದು. ಬಿಡಬಾರದು ಅಂದರೆ ಬಿಡಬಾರದು.

ಗೆಳತಿಗೆ ಫೋನ್ ಮಾಡಿ ಹೇಳಿದೆ. ನಮ್ಮಿಬ್ಬರ ಸಂಬಂಧ ಎಂದೂ ಕಡಿದಿರಲಿಲ್ಲ. "ನಿಮ್ಮ ಮಾಮಾನೇನು? ನಮ್ಮವ್ವ ಸಾಯೂ ಮುಂದ ಸೈತ ನನ್ನ ಕೈಲೇ ನೀರು ಕುಡೀಲಿಲ್ಲಲೇ" ಎಂದಳು. ನಾನೇ ನಿನ್ನ ಅಣ್ಣನಿಗೆ ಹೇಳುತ್ತೇನೆ, ಫೋನ್ ಕೊಡು ಅಂದೆ. ಅವಳು ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಹೇಳಿ ಕಳಿಸಿದಳು. ಅಣ್ಣನಿಂದ ಉತ್ತರ ಬಂತು: ಆಕಿ ನಿನ್ನ ಗೆಳತಿ, ನಿನ್ನ ಪರವಾಗಿಯೇ ಹೇಳುತ್ತಾಳೆ, ಹೇಳಿದವನ ಬಾಯಿಂದ ಬಂದರೆ ಕೇಳುತ್ತೇನೆ.

"ನೋಡಿದೇನ? ಆತನ ಬಾಯಿಲೇನ ಬರಬೇಕಂತ" ಎಂದಳು ಗೆಳತಿ. "ಬಿಡಲೇ, ಆ ಮುದುಕ ಎಲ್ಲಿ ಹೇಳ್ತಾನ."

ಹೇಳಿಸುತ್ತೇನೆ ಅಂದೆ.

ಮುಂದಿನ ವಾರವೇ ಹೋಗಿ, ಟೇಬಲ್ಲಿನ ಮೇಲೆ ಫೋನಿಟ್ಟು, ಮಾಮಾ ಆ ಮಾತು ಇನ್ನೊಮ್ಮೆ ಹೇಳ್ರಿ ಅಂದೆ. ಮಾಮಾ ಅಧಿಕಾರ ನಡೆಸಿದವರು, ಹುಚ್ಚರೇನಲ್ಲ. ಫೋನು ನೋಡಿದರು, ನನ್ನ ಮುಖ ನೋಡಿದರು. "ಯಾವ ಮಾತು? ನಾ ಹಂಗ ಎಲ್ಲಿ ಅಂದೆ? ನಿನಗ ಏನೋ ಭ್ರಮಾ" ಎಂದು ಟಿವಿ ಹಾಕಿಕೊಂಡರು. ಅವರ ಮಗ ನನ್ನನ್ನು ಗ್ಯಾರೇಜಿಗೆ ಕರೆದು, "ಅಕ್ಕಾ, ವಯಸ್ಸಾದವರು, ಬಿಪಿ ಇದೆ, ಹಳೇದೆಲ್ಲ ಯಾಕೆ ಕೆದಕ್ತೀಯ" ಎಂದ. ನನ್ನ ಗಂಡನೂ ಆಗಿದ್ದಾಯ್ತು ಬಿಡು ಅಂದ. ದೇವಸ್ಥಾನದಲ್ಲಿ ಪ್ರವಚನ ಹೇಳುವವರು ಕ್ಷಮೆ ದೊಡ್ಡ ಗುಣ ಅಂದರು. ಎಲ್ಲರಿಗೂ ಕ್ಷಮೆ ಬೇಕು, ಪುಕ್ಕಟೆ ಸಿಗುವ ವಸ್ತು. ಯಾರೂ ನನ್ನ ಗೆಳತಿಯ ಗೋಡೆಯ ಈಚೆ ಒಂದು ದಿನ ಕೂತು ಬಂದವರಲ್ಲ.

ಅಂದಿನಿಂದ ನಾನು ಬೇರೆ ದಾರಿ ಹಿಡಿದೆ. ಮಾತೇ ಎತ್ತಲಿಲ್ಲ. ತಪ್ಪಾಯ್ತು ಮಾಮಾ, ನಾನೇ ಏನೋ ತಪ್ಪು ಕೇಳಿಸಿಕೊಂಡೆ ಅಂದೆ. ತಿಂಗಳಿಗೊಮ್ಮೆ ಮನೆಯಲ್ಲಿ ಬೇಸನ್ ಉಂಡಿ ಕಟ್ಟಿಕೊಂಡು, ದಾರಿಯಲ್ಲಿ ಆರ್ಟೀಸಿಯಾದ ಇಂಡಿಯನ್ ಅಂಗಡಿಗಳಲ್ಲಿ ಇಳಿದು ಅವರಿಗೆ ಬೇಕಾದ ಎಳೆಯ ಬದನೆಕಾಯಿ, ವೀಳ್ಯದೆಲೆ ಕೊಂಡು ಪೋರ್ಟರ್ ರ್ಯಾಂಚಿಗೆ ಹೋದೆ. ಕಾಲಿಗೆ ಬಿದ್ದೆ. ಹೊಗಳಿದೆ. ಅಯ್ಯೋ, ಎಷ್ಟು ಹೊಗಳಿದೆ! ನೀವಿಲ್ಲದಿದ್ದರೆ ನಾನೆಲ್ಲಿ ಮಾಮಾ, ನಿಮ್ಮ ಉಪಕಾರ ಹೇಗೆ ತೀರಿಸಲಿ ಮಾಮಾ. ಒಂದೊಂದು ಹೊಗಳಿಕೆಗೂ ನನ್ನ ಬಾಯಿ ಕಹಿಯಾಗುತ್ತಿತ್ತು, ಆದರೆ ಅವರ ಮುಖ ಅರಳುವುದನ್ನು ನೋಡುತ್ತಿದ್ದೆ. ಮನೆಯವರೆಲ್ಲ ನನ್ನ ಕೋಪ ಇಳಿಯಿತು ಅಂದುಕೊಂಡರು. ಮಾಮಿ ಒಬ್ಬರೇ ನನ್ನ ಉಂಡಿ ತಿನ್ನುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಅನ್ನುತ್ತಿದ್ದರು.

ಹೀಗೆ ವರ್ಷಗಳು ಹೋದವು. ಮೊಮ್ಮಗಳು ಸ್ಯಾನ್ ಡಿಯೇಗೊದಲ್ಲಿ ಕಾಲೇಜು ಸೇರಿ, ಶನಿವಾರ ನಮ್ಮ ಮನೆಗೆ ಊಟಕ್ಕೆ ಬರತೊಡಗಿದಳು. ಕ್ಯಾಂಪಸ್ಸಿನ ಪ್ರತಿಭಟನೆಗಳಲ್ಲೆಲ್ಲ ಅವಳು ಮುಂದೆ. ಅವಳು ಫಲಕ ಹಿಡಿದು ನಿಂತ ಫೋಟೋ ಮಾಮಾನ ಫೋನಿನಲ್ಲಿತ್ತು. "ನಮ್ಮ ಮೊಮ್ಮಗಳು ಭಾಳ ಧೈರ್ಯದಾಕಿ, ಅನ್ಯಾಯ ಸಹಿಸೂದಿಲ್ಲ" ಎಂದು ಕಂಡಕಂಡವರಿಗೆ ತೋರಿಸುತ್ತಿದ್ದರು. ನನಗೂ ತೋರಿಸಿದರು. ನಾನು ಚಂದ ಬಂದದ ಮಾಮಾ ಅಂದೆ. ಹಲ್ಲು ಕಚ್ಚಿ ಹಿಡಿದದ್ದಕ್ಕೆ ದವಡೆ ಎರಡು ದಿನ ನೋಯಿತು.

ಒಂದು ಶನಿವಾರ ಆ ಹುಡುಗಿಯೇ ನಗುತ್ತ ಹೇಳಿದಳು: ಅಜ್ಜ ಪಾರ್ಕಿನಲ್ಲಿ ವಾಕಿಂಗ್ ಬರುವ ಅಂಕಲ್‌ಗಳಿಗೆ ನಿನ್ನ ಯಾವುದೋ ಬಾಸ್ಕೆಟ್ ಕತೆ ಹೇಳುತ್ತಿರುತ್ತಾರೆ, ಎಲ್ಲರೂ ಬಿದ್ದು ಬಿದ್ದು ನಗುತ್ತಾರೆ. ಪೂರ್ತಿ ಕತೆ ಅವಳಿಗೆ ಗೊತ್ತಿರಲಿಲ್ಲ, ನಾನೂ ಹೇಳಲಿಲ್ಲ. ನನ್ನ ಕಿವಿ ಮಾತ್ರ ನೆಟ್ಟಗಾಯಿತು. ಹಾಗಾದರೆ ಮಾಮಾ ಮರೆತಿಲ್ಲ, ಬಿಟ್ಟೂ ಇಲ್ಲ. ನಾನೊಬ್ಬಳು ಕೇಳಿದರೆ ಹೇಳುವುದಿಲ್ಲ. ನಾಲ್ಕು ಜನ ಕೂತು, ಯಾರಾದರೂ ಬೆನ್ನು ತಟ್ಟಿದರೆ ಹೇಳುತ್ತಾರೆ.

2018ರಲ್ಲಿ ಆ ನಾಲ್ಕು ಜನ ಸೇರಿದರು. ಮಾಮಾಗೆ ಎಂಬತ್ತು ದಾಟಿತ್ತು, ಮಗ ಸಹಸ್ರ ಚಂದ್ರದರ್ಶನ ಶಾಂತಿ ಇಟ್ಟುಕೊಂಡ. ಮನೆಯ ಹತ್ತಿರದ ಕಮ್ಯುನಿಟಿ ಹಾಲ್ ಬುಕ್ ಮಾಡಿ, ಬೆಳಿಗ್ಗೆ ಬೇಗ ಹೋಮ, ಆರತಿ, ಆಮೇಲೆ ಬಾಳೆಲೆ ಊಟ. ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊದ ನಮ್ಮ ಕಡೆಯ ಮಂದಿಯೆಲ್ಲ ಬಂದಿದ್ದರು. ನಾನು ಜರಿ ಸೀರೆ ಉಟ್ಟು, ಆರತಿ ತಟ್ಟೆ ನನ್ನದು ಅಂತ ಮೊದಲೇ ಕೇಳಿ ಪಡೆದಿದ್ದೆ. ಅಕ್ಕನ ಮಗಳಲ್ಲವೇ, ಯಾರೂ ಬೇಡ ಅನ್ನಲಿಲ್ಲ. ಎಲ್ಲರೂ ಫೋನ್ ಎತ್ತಿ ವಿಡಿಯೋ ಮಾಡುತ್ತಿದ್ದ ಜಾಗದಲ್ಲಿ ನನ್ನದೂ ಒಂದು ಫೋನು ಹಣ್ಣಿನ ತಟ್ಟೆಗೆ ಒರಗಿ ಮಾಮಾನ ಕಡೆ ಮುಖ ಮಾಡಿ ನಿಂತಿತ್ತು. ಅದರೊಳಗೆ, ಊಟ ಮುಗಿಸಿ ಕನ್ನಡಕ ಹಾಕಿಕೊಂಡು ಕೂತ ನನ್ನ ಗೆಳತಿ. ಧಾರವಾಡದಲ್ಲಿ ಆಗ ರಾತ್ರಿ ಹತ್ತು ದಾಟಿತ್ತು.

ಆರತಿ ಎತ್ತುವ ಮುಂಚೆ ಒಡಪು ಹೇಳುವುದು ನಮ್ಮ ಕಡೆಯ ಪದ್ಧತಿ. ಹೆಂಗಸರು ಗಂಡನ ಹೆಸರನ್ನು ಒಂದು ಪ್ರಾಸದ ಪದ್ಯದೊಳಗೆ ಸೇರಿಸಿ ಹೇಳಬೇಕು. ಹೇಳದಿದ್ದರೆ ಉಳಿದವರು ಮುಂದೆ ಬಿಡುವುದಿಲ್ಲ. ನನ್ನ ಸರದಿ ಬಂತು. ಒಡಪು, ಒಡಪು ಅಂತ ಹೆಂಗಸರು ಕೂಗಿದರು. ನಾನು ಮೈಕ್ ತೆಗೆದುಕೊಂಡು, "ಗಂಡನ ಹೆಸರು ದಿನಾ ಕರೀತೀನ್ರಿ, ಅದೇನು ಹೊಸಾದು? ಇವತ್ತ ಮಾಮಾನ ಮ್ಯಾಲೆ ಹೇಳ್ತೀನಿ" ಅಂದೆ. ಚಪ್ಪಾಳೆ ಬಿತ್ತು. ನಾಲ್ಕು ಸಾಲು ನಾನೇ ಕಟ್ಟಿಕೊಂಡು ಬಂದಿದ್ದೆ.

"ಬೆಳ್ಳಿ ತಾಟಿನಾಗ ಬೇಸನ್ ಉಂಡಿ,
ಮಾಮಾ ಹೂಡಿಕೊಟ್ಟಾರ ನನ್ನ ಸಂಸಾರದ ಬಂಡಿ,
ಹೆಂಗ ಹೂಡಿದ್ರಂತ ಅವ್ರ ಬಾಯಿಲೇ ಕೇಳ್ರಿ,
ಅಲ್ಲೀ ತನಕ ಊಟದ ಎಲಿ ಹಾಕಬ್ಯಾಡ್ರಿ!"

ಹಾಲ್ ಹಾರಿಹೋಗುವ ಹಾಗೆ ನಗು. ಹೇಳ್ರಿ ಕಾಕಾ, ಹೇಳ್ರಿ ಅಂಕಲ್, ಹೊಟ್ಟಿ ಹಸದದ, ಲಗೂ ಹೇಳ್ರಿ ಅಂತ ಎಲ್ಲ ಕಡೆಯಿಂದ ಕೂಗು. ಮಾಮಾ ರೇಷ್ಮೆ ಶಲ್ಯ ಸರಿಪಡಿಸಿಕೊಂಡರು. ಬೇಡ ಬೇಡ ಅಂತ ಎರಡು ಸಲ ಕೈಯಾಡಿಸಿದರು. ಮಾಮಿ ಅವರ ತೊಡೆ ಚಿವುಟಿದ್ದನ್ನು ನಾನು ಕಣ್ಣಾರೆ ಕಂಡೆ. ಮಾಮಾ ಆ ಕೈಯನ್ನು ತಳ್ಳಿ ಮೈಕ್ ಹಿಡಿದರು.

ಹೇಳಿದರು. ಮೊದಲಿನಿಂದ ಕೊನೆಯ ತನಕ, ಉಪ್ಪು ಕಾರ ಹಚ್ಚಿ ಹೇಳಿದರು. ಬುಟ್ಟಿ, ಕಾಗದ, ಪ್ರಮೋಶನ್, ಪೋಲೀಸ ದೋಸ್ತ, ಬಿಚ್ಚಿದ ಬೂಟು. ಮಡಿ ಕೆಡಲಿಲ್ಲ ಎಂಬಲ್ಲಿ ಜನ ಹೊಟ್ಟೆ ಹಿಡಿದು ನಕ್ಕರು. "ಎಲ್ಲಾರೂ ಇಕಿ ಗೆಳತಿನ್ನ ಬೈದ್ರು, ಆ ಟೇಲರ್ ಮಗಳನ್ನ. ನಾ ಸುಮ್ನ ಕೂತೆ. ಯಾಕಂದ್ರ ಖರೇ ಸಂಗತಿ ಗೊತ್ತಿದ್ದಾಂವ ನಾನೊಬ್ಬನ!" ಎಂದು ಎದೆ ತಟ್ಟಿಕೊಂಡರು. ಒಂದಷ್ಟು ಮಂದಿ ಚಪ್ಪಾಳೆ ಕೂಡ ಹೊಡೆದರು. ಹೊಡೆದವರ ಮುಖಗಳನ್ನು ನಾನು ಇವತ್ತಿಗೂ ಮರೆತಿಲ್ಲ, ಅವರ ಮನೆಯ ನೀರು ಮುಟ್ಟುವುದಿಲ್ಲ.

ಮೊದಲು ನಗು ನಿಂತದ್ದು ಮೊಮ್ಮಗಳದು. ಇಪ್ಪತ್ತು ವರ್ಷದ ಹುಡುಗಿ, ಅಜ್ಜನ ಪಕ್ಕದಲ್ಲೇ ನಿಂತಿದ್ದಳು. "ವೇಟ್. ಅಜ್ಜಾ, ಯೂ ಕಾಲ್ಡ್ ದ ಕಾಪ್ಸ್? ಆನ್ ಅತ್ತೆ?" ಎಂದಳು. ಮಾಮಾ ನಗುತ್ತಲೇ, "ಆಕಿ ಛಲೋದಕ್ಕ ಪುಟ್ಟಾ" ಎಂದರು. ಅವಳು ನಗಲಿಲ್ಲ. ಮೊಮ್ಮಕ್ಕಳು ನಮಸ್ಕಾರ ಮಾಡಬೇಕೆಂದು ಹಾಸಿದ್ದ ಚಾಪೆಯಿಂದ ಎರಡು ಹೆಜ್ಜೆ ಹಿಂದೆ ಸರಿದು ನನ್ನ ಪಕ್ಕಕ್ಕೆ ಬಂದು ನಿಂತಳು. ಮಾಮಾ ಅವಳನ್ನೇ ನೋಡಿದರು. ಆ ನೋಟ ನೋಡಿ ನನಗೆ ಖುಷಿಯಾಯಿತು. ಸುಳ್ಳೇಕೆ ಹೇಳಲಿ, ಬಹಳ ಖುಷಿಯಾಯಿತು. ಎಷ್ಟು ವರ್ಷ ಕಟ್ಟಿದ್ದೆ ಆ ಉಂಡಿಗಳನ್ನು!

ಹಣ್ಣಿನ ತಟ್ಟೆಯಿಂದ ಫೋನ್ ಎತ್ತಿದೆ. "ಮಾಮಾ, ಇಲ್ಲೊಬ್ಬಾಕಿ ಕೇಳ್ಲಿಕ್ಕೆ ಹತ್ಯಾಳ. ನಮ್ಮ ಕಟ್ಟಿ ಮ್ಯಾಲೆ ಬೊಗಸಿಲೇ ನೀರು ಕುಡದಾಕಿ" ಎಂದು ಅವರ ಮುಖದ ಎದುರಿಗೆ ಹಿಡಿದೆ. ಮೈಕಿನಲ್ಲಿ ಅವಳ ದನಿ ಹಾಲ್ ತುಂಬ ಕೇಳಿತು.

"ನಮಸ್ಕಾರ್ರೀ ಸಾಹೇಬ್ರ" ಎಂದಳು. "ಎಲ್ಲಾ ಕೇಳಿದೆ. ಭಾಳ ಚಲೋ ಹೇಳಿದ್ರಿ. ಆದ್ರ ಒಂದ ಕೆಲಸ ಮಾಡ್ರಿ, ಇನ್ನೊಮ್ಮೆ ಹೇಳ್ರಿ. ನಮ್ಮಣ್ಣ ಗ್ವಾಡಿ ಆಚೀಕಡೆ ಅದಾನ, ಕರೀತೀನಿ."

ಪರದೆಯ ಮೇಲೆ ಖಾಲಿ ಕುರ್ಚಿ ಉಳಿಯಿತು. ದೂರದಲ್ಲಿ ಬಾಗಿಲು ಬಡಿಯುವ ಸದ್ದು. "ಅಣ್ಣಾ! ಬಾಗಲಾ ತಗಿ. ಅಣ್ಣಾ!" ಮಾಮಾ ಮೈಕನ್ನು ನನ್ನ ಕೈಗೆ ತುರುಕಿ, "ಆರತಿ ಆತು, ಊಟಕ್ಕ ಏಳ್ರಿ ಎಲ್ಲಾರೂ" ಎಂದರು. ಯಾರೂ ಏಳಲಿಲ್ಲ. ಮಗ ಎದ್ದು ಬರಲು ಹೋದ, ಮೊಮ್ಮಗಳು ಅಪ್ಪನ ತೋಳು ಹಿಡಿದು ನಿಲ್ಲಿಸಿದಳು.

ಬಹಳ ಹೊತ್ತಿನ ಮೇಲೆ ಒಂದು ಕಾಲು ಎಳೆಯುವ ಸಪ್ಪಳ ಕೇಳಿತು. ಬಿಳಿ ಗಡ್ಡದ ಮುದುಕನೊಬ್ಬ ಆ ಕುರ್ಚಿಯಲ್ಲಿ ಕೂತು ಪರದೆಗೆ ಕಣ್ಣು ಹಚ್ಚಿದ. ಅವನ ಹಿಂದೆ ನನ್ನ ಗೆಳತಿ ನಿಂತಿದ್ದಳು, ಕುರ್ಚಿಯನ್ನು ಮುಟ್ಟದೆ.

"ಹೇಳ್ರಿ ಮಾಮಾ" ಎಂದು ನಾನು ಮೈಕ್ ಹಿಡಿದೆ.

ಮಾಮಾ ಹೆಂಡತಿಯ ಕಡೆ ನೋಡಿದರು. ಮಾಮಿ ಮುಖ ಆ ಕಡೆ ತಿರುಗಿಸಿಕೊಂಡರು. ಮಗನ ಕಡೆ ನೋಡಿದರು. ಮೊಮ್ಮಗಳ ಕಡೆ ನೋಡುವ ಧೈರ್ಯವಾಗಲಿಲ್ಲ. ಕೊನೆಗೆ ತುಟಿ ಅಲುಗಿತು.

"ನಾನ ಹೇಳಿದ್ದು. ಆ ಹುಡುಗಿ ಅಲ್ಲ."

ಅಣ್ಣ ಕಿವಿಗೆ ಕೈ ಅಡ್ಡ ಹಿಡಿದ. "ಕೇಳಸವಲ್ದು" ಎಂದ. "ಜೋರಲೇ ಹೇಳ್ರಿ."

ನಾನು ಮೈಕನ್ನು ಮಾಮಾನ ಬಾಯಿಗೆ ಇನ್ನಷ್ಟು ಹತ್ತಿರ ಒಯ್ದೆ.